ಹುಲ್ಲಿನ ಸೂತಕ ಮತ್ತು ನಬಂಗ ಏರ್‌ನ ಚರಿತ್ರೆ

ನಬಂಗ ಏರ್‌ನ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಸಂಸ್ಥೆಗೆ ನಲವತ್ತು ತುಂಬಿದ ಸಂಭ್ರಮಕ್ಕೆ ತಾವು ಪತ್ರಿಕೆಯಲ್ಲಿ ಇಡೀ ಪುಟದ ಚರಿತ್ರೆ ಬರೆಸಿದ್ದೀರಿ. ಅದರಲ್ಲಿ ನಮ್ಮ ಮವೇರಾ ದ್ವೀಪದ ಪಾಲಿಗೆ ಬಂದದ್ದು ಒಂದೇ ವಾಕ್ಯ: "ಸ್ಥಳೀಯರ ನಿರಾಸಕ್ತಿಯಿಂದ ಮವೇರಾ ನಿಲ್ದಾಣವನ್ನು ಮುಚ್ಚಲಾಯಿತು." ಇದು ಸುಳ್ಳು. ಈ ಸುಳ್ಳಿಗೆ ನನ್ನ ಹಿರಿಮಗಳು ಲೇಮಾರಾ ಬಲಿಯಾದಳು. ಕಿರಿಮಗಳು ಲೇಸೌ ಈಗ ತುಂಬುಬಸುರಿ. ಇವಳ ಹೆರಿಗೆಯೂ ರಾಜಧಾನಿ ವಿಲಾದ ದೊಡ್ಡಾಸ್ಪತ್ರೆಯಲ್ಲೇ ಆಗಬೇಕೆಂದು ನಮ್ಮ ದಾದಿ ಹೇಳಿದ್ದಾಳೆ. ಗಾಳಿಯ ಕಾಲದಲ್ಲಿ ಇತ್ತ ಹಡಗು ಸುಳಿಯುವುದಿಲ್ಲ. ದೋಣಿಯ ಮಾತೆತ್ತಿದರೆ ಲೇಸೌ, "ಅಕ್ಕನ್ನ ನುಂಗಿದ್ದು ಸಾಲ್ದಾ?" ಎಂದು ಮುಖ ತಿರುಗಿಸುತ್ತಾಳೆ. ಉಳಿದಿರುವುದು ತಮ್ಮ ವಿಮಾನ.

ನಿರಾಸಕ್ತಿಯೇ? ಆಹಾ! ತಮ್ಮ ಬಳಿ ಒಂದೇ ಒಂದು ಹಳೇ ವಿಮಾನವಿದ್ದಾಗ ಅದರ ಪೈಲಟ್ ಕ್ಯಾಪ್ಟನ್ ರೂಬೆನ್ ದೋಣಿಯಲ್ಲಿ ಬಂದು ಒಂದಿಷ್ಟು ಸಮತಟ್ಟು ಜಾಗಕ್ಕಾಗಿ ಅಂಗಲಾಚಿದ್ದು ಚರಿತ್ರೆಯಲ್ಲಿ ಯಾಕಿಲ್ಲ? ಫಲ ಬಿಡುತ್ತಿದ್ದ ತೆಂಗಿನಮರಗಳನ್ನು ನಾವೇ ಕಡಿದೆವು. ಹೆಂಗಸರು ಬುಟ್ಟಿಗಳಲ್ಲಿ ಹವಳದ ಕಲ್ಲು ಹೊತ್ತರು. ನೆಲ ಗಟ್ಟಿಮಾಡುವ ಯಂತ್ರವಿಲ್ಲದೆ ಇಡೀ ಊರು ಅಲ್ಲಿ ಕುಣಿಯಿತು. ಕುಣಿದು ಕುಣಿದೇ ಮಣ್ಣು ತುಳಿದೆವು. ಏಜೆಂಟನೆಂದು ನನ್ನನ್ನು ನಿಲ್ಲಿಸಿದರು. ಹಂದಿಯಿರಲಿ, ಪಾದ್ರಿಯಿರಲಿ, ಎಲ್ಲರನ್ನೂ ಕೊಬ್ಬರಿ ತಕ್ಕಡಿಯಲ್ಲಿ ತೂಗಿಯೇ ಹತ್ತಿಸುತ್ತಿದ್ದೆ. "ತರಿಮಾಸ್, ನನ್ ತೂಕ ಮೆಲ್ಲಗೆ ಹೇಳೋ, ಗಂಡ ಕೇಳಿಸ್ಕೊಂಡಾನು," ಎನ್ನುತ್ತಿದ್ದರು ಹೆಂಗಸರು. ಊರೂರಿಗೆ ಸರದಿ ಹಾಕಿಕೊಂಡು ಕತ್ತಿಯಿಂದಲೇ ಓಡುದಾರಿಯ ಹುಲ್ಲು ಸವರಿದೆವು. ಸಂಸ್ಥೆ ಬೆಳೆಯಿತು, ದೂರದೇಶಕ್ಕೆ ಹಾರುವ ಬಿಳಿ ಜೆಟ್ ಬಂತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಹೇಳಿ?

ನಮ್ಮಲ್ಲಿ ಯಾವ ಊರಿನ ಮುಖಂಡ ತೀರಿಕೊಂಡರೂ ನೂರನೇ ದಿನದ ಊಟದವರೆಗೆ ಗಂಡಸರು ಗಡ್ಡ ತೆಗೆಯುವುದಿಲ್ಲ. ಎಲ್ಲರಿಗೂ ಸೇರಿದ ನೆಲದ ಮೇಲೂ ಯಾರೂ ಕತ್ತಿ ಆಡಿಸುವುದಿಲ್ಲ. ಅಲ್ಲಿ ನಮೇಲೆ ಗಿಡದ ಎಲೆ ನೆಟ್ಟರೆ ಮುಗಿಯಿತು, ಅದು ಸೂತಕದ ಗುರುತು. ಕ್ಯಾಪ್ಟನ್ ರೂಬೆನ್‌ಗೆ ಇದು ಗೊತ್ತಿತ್ತು. ಹುಲ್ಲಿಗೆ ಸೂತಕ ಬಂದಿದೆ ಎಂದು ನಾನು ರೇಡಿಯೊದಲ್ಲಿ ತಿಳಿಸಿದರೆ ಅವರು ವಿಮಾನ ನಿಲ್ಲಿಸುತ್ತಿದ್ದರು. ಕಾಯಿಲೆಯವರಿದ್ದರೆ ಮಾತ್ರ ಹೇಗೋ ಇಳಿಸುತ್ತಿದ್ದರು. ನೂರನೇ ದಿನ ಬೆಳಗ್ಗೆ ಗಡ್ಡವನ್ನೂ ಹುಲ್ಲನ್ನೂ ಒಟ್ಟಿಗೇ ತೆಗೆಯುತ್ತಿದ್ದೆವು. ಊಟದ ಅಕ್ಕಿ ಹೊತ್ತು ಅವರೇ ಮೊದಲಿಗರಾಗಿ ಇಳಿಯುತ್ತಿದ್ದರು.

ಕಳೆದ ವರ್ಷ, ಓಡುದಾರಿಗೆ ನೆಲ ಕೊಟ್ಟಿದ್ದ ನಮ್ಮ ಮುಖಂಡ ಮಸೌಲಿ ತೀರಿಕೊಂಡ. ರೂಬೆನ್ ಆಗಲೇ ನಿವೃತ್ತರಾಗಿದ್ದರು. ನಾನು ಎಂದಿನಂತೆ ತಮ್ಮ ಕಚೇರಿಗೆ ತಿಳಿಸಿದೆ.

"ಅಂಕಲ್, ಹುಲ್ಲಿಗೆ ಸೂತಕಾನಾ?" ಅಲ್ಲಿದ್ದ ಹುಡುಗಿ ಕಿಸಕ್ಕನೆ ನಕ್ಕಳು. "ಯಾರು ಸತ್ತಿದ್ದು, ಹಸುನಾ?"

"ಮುಖಂಡ ಸತ್ತಿದ್ದಾನಮ್ಮ. ನೂರರ ಊಟ ಆಗೋವರ್ಗೂ ಹುಲ್ಲು ಮುಟ್ಟಲ್ಲ. ಮೇಲಿನವರಿಗೆ ಹೇಳು."

"ಆಯ್ತು ಅಂಕಲ್, ಹೇಳ್ತೀನಿ."

ಹೇಳಿದಳೋ ಬಿಟ್ಟಳೋ ದೇವರೇ ಬಲ್ಲ. ಕೆಲವೇ ವಾರಗಳಲ್ಲಿ ತಮ್ಮ ಪರಿಶೀಲನಾಧಿಕಾರಿ ಬಂದರು. ಬಂದರು ಎಂದರೆ, ಮೇಲೆ ಎರಡು ಸುತ್ತು ಹೊಡೆದು ಫೋಟೊ ತೆಗೆದುಕೊಂಡು ಹೋದರು. ಸೊಂಟದುದ್ದ ಹುಲ್ಲು ಕಂಡಿತು, ಕೈಬೀಸುವ ಜನ ಕಾಣಲಿಲ್ಲ. ನಾವು ಸೂತಕದ ಮನೆಯ ಚಾಪೆ ಬಿಟ್ಟೇಳುವಂತಿರಲಿಲ್ಲ ಸ್ವಾಮಿ. ಮರ್ಯಾದೆಗಾಗಿ ಬೆಳೆಸಿದ ಹುಲ್ಲನ್ನು ತಾವು ಸೋಮಾರಿತನ ಎಂದು ಓದಿಕೊಂಡಿರಿ, ನಿಲ್ದಾಣ ಮುಚ್ಚಿದಿರಿ! ನೂರರ ಊಟ ಮುಗಿದ ದಿನವೇ ಓಡುದಾರಿಯನ್ನು ನುಣ್ಣಗೆ ಸವರಿ ಕರೆ ಮಾಡಿದೆ. ಮುಚ್ಚಿದ ನಿಲ್ದಾಣದಲ್ಲಿ ಇಳಿದರೆ ವಿಮಾನಕ್ಕೆ ವಿಮೆ ಸಿಗದು ಎಂಬ ಉತ್ತರ ಬಂತು.

ಅಷ್ಟರಲ್ಲಿ ಲೇಮಾರಾಗೆ ದಿನ ತುಂಬಿತು. ಮಗು ಅಡ್ಡ ಮಲಗಿತ್ತು. ಕಾಡಿದೆ, ಬೇಡಿದೆ, ಫೋನಿನಲ್ಲೇ ಮೊಣಕಾಲೂರಿದೆ. "ಅಂಕಲ್, ನಮ್ ಕೈಲಿ ಏನೂ ಇಲ್ಲ, ದೋಣಿ ನೋಡಿ," ಎಂದರು. ದೋಣಿ ಹತ್ತಿದೆವು. ಹವಳದ ದಿಬ್ಬ ದಾಟುತ್ತಲೇ ಅಲೆಗಳು ಎದ್ದವು. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದಳು.

"ಅಪ್ಪಾ, ಸದ್ದು ಕೇಳ್ತಾ ಇದೆ. ಪ್ಲೇನ್ ಬಂತಾ?"

"ಹೂಂ ಕಣೇ, ಬಂತು. ಇನ್ನೊಂಚೂರು ತಡ್ಕೋ."

ಕೇಳುತ್ತಿದ್ದದ್ದು ದೋಣಿಯ ಇಂಜಿನ್ನು. ಸಾಯುವ ಮಗಳಿಗೆ ನಾನು ಹೇಳಿದ ಆ ಸುಳ್ಳಿಗೂ ತಾವು ಅಚ್ಚುಹಾಕಿಸಿದ ಸುಳ್ಳಿಗೂ ವ್ಯತ್ಯಾಸವಿದೆ ಎಂದು ನಂಬಿದ್ದೇನೆ. ವಿಲಾದ ದೀಪಗಳು ಕಾಣುವ ಮೊದಲೇ ತಾಯಿ, ಮಗು ಇಬ್ಬರೂ ಹೋದರು.

ಹೆಣ ತಂದು ಮಣ್ಣು ಮಾಡಿದೆವು. ತುಂಬಿದ ಬಸುರಿ ಸತ್ತರೆ ನಮ್ಮಲ್ಲಿ ಮುಖಂಡನಿಗೆ ಸಲ್ಲುವ ಸೂತಕವೇ ಸಲ್ಲುತ್ತದೆ. ಹಿರಿಯರು ಓಡುದಾರಿಯ ತುದಿಯಲ್ಲಿ ನಮೇಲೆ ಎಲೆ ನೆಟ್ಟರು. ಹುಲ್ಲು ಮತ್ತೆ ಮೊಣಕಾಲು ಮುಟ್ಟಿತು. ಒಂದು ಬೆಳಗ್ಗೆ ನನ್ನ ಹೆಂಡತಿ ಕತ್ತಿ ತಂದು ನನ್ನ ಮುಂದೆ ಹಾಕಿದಳು.

"ಸತ್ತವಳಿಗೆ ಅತ್ತಿದ್ದು ಸಾಕು. ಇರೋಳನ್ನ ಉಳಿಸ್ಕೋ. ಹೋಗಿ ಕೊಯ್ಯಿ."

"ನಮ್ ಮಗಳ ಸೂತಕ ಕಣೇ."

"ಅವಳಮ್ಮ ನಾನು. ನಾನು ಹೇಳ್ತಿದ್ದೀನಿ, ಕೊಯ್ಯಿ."

ಎಲೆ ಕಿತ್ತೆ. ಊರಿನವರು ದೂರ ನಿಂತು ನೋಡಿದರು. "ಥೂ, ನೀನೂ ಒಬ್ಬ ಅಪ್ಪನೇನೋ?" ಎಂದು ಒಬ್ಬ ಮುದುಕ ಉಗಿದ. ಯಾರೂ ಕೈಜೋಡಿಸಲಿಲ್ಲ. ನಾನೂ ನನ್ನ ಹೆಂಡತಿಯೂ ಇಬ್ಬರೇ ಆ ತುದಿಯಿಂದ ಈ ತುದಿಯವರೆಗೆ ಕೊಯ್ದೆವು. ಈಗ ಊರಿನವರು ಯಾರೂ ನಮ್ಮ ಮನೆಗೆ ಬಂದು ಕಾವಾ ಬೇರಿನ ರಸ ಕುಡಿಯುವುದಿಲ್ಲ, ನಮ್ಮ ಕೈಯ ಲಪ್ಲಪ್ ಕಡುಬು ತಿನ್ನುವುದಿಲ್ಲ.

ಪರಿಹಾರ ಬೇಡ, ಕ್ಷಮೆಯೂ ಬೇಡ. ಚರಿತ್ರೆಯ ಆ ಒಂದು ವಾಕ್ಯ ತೆಗೆದುಹಾಕಿ. ಲೇಸೌಗೆ ನೋವು ಶುರುವಾಗುವ ಮೊದಲು ಒಂದು ವಿಮಾನ ಇಳಿಸಿ. ನಿರಾಸಕ್ತಿ ಎಂದಿರಲ್ಲ, ಬಂದು ನೋಡಿ. ಲೇಮಾರಾಗೆ ಸಲ್ಲಬೇಕಿದ್ದ ಕೊನೆಯ ಮರ್ಯಾದೆಯನ್ನು ಅವಳ ಅಪ್ಪ ಅಮ್ಮನೇ ಕೊಯ್ದು, ತಮ್ಮ ವಿಮಾನದ ಚಕ್ರಗಳಿಗೆ ದಾರಿ ಮಾಡಿಟ್ಟಿದ್ದಾರೆ.

ಇಂತಿ,
ಗಡ್ಡ ಬಿಟ್ಟೂ ಹುಲ್ಲು ಕೊಯ್ದ ಪಾಪಿ,
ತಮ್ಮ ಹಳೆಯ ಏಜೆಂಟ್,
ತರಿಮಾಸ್, ಮವೇರಾ ದ್ವೀಪ