ಒರತೆಯ ದಾರಿಯಲ್ಲಿ ಹೂತಿಟ್ಟದ್ದು

ಮ್ಪಾಲೆ, ಆಂಗೋನಿಯಾ
ಗುರುವಾರ, 6 ಅಕ್ಟೋಬರ್ 1994

ಪ್ರೀತಿಯ ತಮ್ಮ ಅಬಿಲಿಯೊ,

ಜ್ವರ ಬಿಟ್ಟಿತೇನೋ? ಬಂದೂಕು ಒಪ್ಪಿಸಿದವರನ್ನು ಇಟ್ಟಿರುವ ನಿಮ್ಮ ಕ್ಯಾಂಪಿನಿಂದ ವಾಪಸ್ ಬಂದವರು ನೀನು ಎರಡು ಕಂಬಳಿ ಹೊದ್ದರೂ ನಡುಗುತ್ತಿದ್ದೆ ಎಂದರು. ಮಾತ್ರೆ ಕೊಟ್ಟರೆ ಪೂರ್ತಿ ನುಂಗು. ಅರ್ಧ ನುಂಗಿ ಉಳಿದದ್ದನ್ನು ಯಾರಿಗೋ ದಾನ ಮಾಡುವ ನಿನ್ನ ಬುದ್ಧಿ ನನಗೆ ಗೊತ್ತು. ಅಮ್ಮ ಚೆನ್ನಾಗಿದ್ದಾಳೆ. ಕಣ್ಣು ಮಂಜಾಗಿದೆ, ಬಾಯಿ ಮಾತ್ರ ಮೊದಲಿನ ಹಾಗೇ ಚುರುಕು. ವೋಟಿನ ಚೀಟಿಗೆ ಫೋಟೋ ತೆಗೆದವನಿಗೆ, "ಇಷ್ಟು ಮುದುಕಿ ಮಾಡಿದ್ದೀಯಲ್ಲೋ, ಇನ್ನೊಂದು ತೆಗಿ" ಎಂದು ಜಗಳ ತೆಗೆದಳು. ಎರಡೂ ಪಕ್ಷದವರು ಬಂದು ಟೋಪಿ ಹಂಚಿದರು. ಎರಡನ್ನೂ ಇಸ್ಕೊಂಡಳು. ಒಂದರಲ್ಲಿ ಈಗ ಕೋಳಿ ಮೊಟ್ಟೆಯಿಡುತ್ತಿದೆ. ಯಾವ ಪಕ್ಷದ್ದು ಎಂದು ಬರೆಯುವುದಿಲ್ಲ, ಕಾಲ ಸರಿಯಿಲ್ಲ.

ಈ ವರ್ಷ ನೀನು ಇಲ್ಲಿರಬೇಕಿತ್ತು. ಏಪ್ರಿಲ್‌ನಿಂದ ದಾರಿ ತುಂಬ ಜನವೋ ಜನ. ಯುದ್ಧಕ್ಕೆ ಹೆದರಿ ಗಡಿ ದಾಟಿದ್ದವರು ಮಲಾವಿಯಿಂದ ಬಾಗಿಲು, ಕಿಟಕಿ, ಕೋಳಿ, ಅಜ್ಜಿ, ಎಲ್ಲ ಹೊತ್ತುಕೊಂಡು ಬಂದರು. ಶಾಲೆಗೆ ತಗಡಿನ ಚಾವಣಿ ಬಂತು. ಎಪ್ಪತ್ತೊಂದು ಮಕ್ಕಳಿಗೆ ನಾನೊಬ್ಬಳೇ ಟೀಚರ್. ಇಪ್ಪತ್ತೇಳಕ್ಕೆ ಅಲ್ಲೇ ವೋಟು. ಊರು ಹಸನಾಗಿದೆ ಅಂದುಕೊಳ್ಳಬೇಡ. ಸೋತವರು ಬಂದೂಕು ಹಿಡಿದು ಮತ್ತೆ ಕಾಡಿಗೆ ಹೋಗುತ್ತಾರಂತೆ ಎಂಬ ಸುದ್ದಿ ದಿನಕ್ಕೊಂದು ಬಗೆಯಲ್ಲಿ ಬರುತ್ತದೆ. ಜನ ಹಗಲು ಕುಣಿಯುತ್ತಾರೆ, ಅತ್ತ ಜೋಳದ ಹಿಟ್ಟಿನ ಚೀಲಗಳನ್ನು ಗುಡ್ಡದ ಸಂದಿನಲ್ಲಿ ಬಚ್ಚಿಡುತ್ತಾರೆ. ಅಮ್ಮನೂ ಒಂದು ಚೀಲ ಇಟ್ಟಿದ್ದಾಳೆ. ಎಲ್ಲಿ ಎಂದು ನನಗೂ ಹೇಳಿಲ್ಲ.

ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ಪತ್ರ ಹರಿಯದೆ ಕೊನೆಯವರೆಗೂ ಓದು.

ಕ್ರಿಸ್ಮಸ್‌ಗೆ ನಾನು ಕ್ಯಾಂಪಿಗೆ ಬಂದಾಗ ನನ್ನ ಕೈ ಹಿಡಿದು, "ಅಕ್ಕಾ, ಒರತೆ ಕಡೆ ಮಾತ್ರ ಹೋಗಬೇಡಿ. ಅಲ್ಲಿ ನೆಲಬಾಂಬ್ ಇದೆ. ನಾವೇ ಹೂತಿದ್ದು" ಎಂದೆಯಲ್ಲ. ಹದಿನಾಲ್ಕು ವರ್ಷಕ್ಕೆ ಕಾಡಿನವರು, ಆ ಬಂಡುಕೋರರು, ನಿನ್ನನ್ನು ಎಳೆದುಕೊಂಡು ಹೋದರು, ಹದಿನಾರಕ್ಕೆ ನಿನ್ನ ಕೈಯಲ್ಲೇ ನಮ್ಮ ಊರಿನ ದಾರಿಯನ್ನೇ ಅಗೆಸಿದರು. ಯಾರಿಗೂ ಹೇಳಬೇಡ ಎಂದೆ ನೀನು. ನಾನು ಹೇಳಲಿಲ್ಲ. ಹೇಳಿದರೆ ನೀನು ಇನ್ನೆಂದೂ ಊರಿಗೆ ಬರಲಾರೆ ಅನ್ನಿಸಿತು. ನನ್ನ ಮಗಳು ಎಲ್ಸಾಳನ್ನು ಮಾತ್ರ ಒರತೆ ಕಡೆಯ ಬಾವಿ ಬಿಡಿಸಿ ದೂರದ ಬೋರ್‌ವೆಲ್‌ಗೆ ಕಳಿಸಿದೆ. "ಟೀಚರಮ್ಮನಿಗೆ ಆ ನೀರು ಸಕ್ಕರೆಯೇನೋ!" ಎಂದು ಹೆಂಗಸರು ಹಂಗಿಸಿದರು. ನಕ್ಕು ಸುಮ್ಮನಾದೆ. ಎಂಟು ತಿಂಗಳು ನಕ್ಕೆ, ಅಬಿಲಿಯೊ. ಹುಲ್ಲು ಆಳೆತ್ತರ ಬೆಳೆದಿತ್ತು, ಆ ಕಡೆ ಯಾರೂ ಹೋಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಸೆಪ್ಟೆಂಬರಿನಲ್ಲಿ ಬೋರ್‌ವೆಲ್ ಕೆಟ್ಟಿತು. ಬಾವಿಗಳು ಬತ್ತಿದ್ದವು. ಮಲಾವಿಯಿಂದ ಆಗತಾನೇ ಬಂದಿದ್ದ ಜನುವಾರಿಯೊ, ನಮ್ಮ ಬೇಲಿಯಾಚೆ ಗುಡಿಸಲು ಕಟ್ಟಿಕೊಂಡವನು, ಒರತೆಯ ಪಕ್ಕ ಮಳೆಗೆ ಮುಂಚೆ ಹೊಲ ಮಾಡುತ್ತೇನೆಂದು ಗುದ್ದಲಿ ಹಿಡಿದು ಹೊರಟ. ನಾನು ಶಾಲೆಯಲ್ಲಿದ್ದೆ. ಸದ್ದಿಗೆ ಹಲಗೆ ಗೋಡೆಯಿಂದ ಬಿತ್ತು. ಬದುಕಿದ್ದಾನೆ. ಬಲಗಾಲು ಮೊಣಕಾಲಿನಿಂದ ಕೆಳಗಿಲ್ಲ. ಅವನ ಹೆಂಡತಿ ನನ್ನ ಹೆಗಲ ಮೇಲೆ ತಲೆಯಿಟ್ಟು, "ಟೀಚರಮ್ಮ, ಯಾರಾದರೂ ಒಂದು ಮಾತು ಹೇಳಬಾರದಿತ್ತೇ?" ಎಂದು ಅತ್ತಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಕೈ ಅವಳ ಬೆನ್ನ ಮೇಲಿತ್ತು. ಆ ಕೈಯನ್ನು ಕಡಿದುಕೊಳ್ಳೋಣ ಅನ್ನಿಸಿತು.

ವಿಶ್ವಸಂಸ್ಥೆಯ ನೀಲಿ ಟೋಪಿಯವರು ಬಂದು ನೋಡಿದರು. ದೊಡ್ಡ ರಸ್ತೆಗಳು ಮುಗಿಯುವ ತನಕ ಆಗದು, ಮುಂದಿನ ವರ್ಷ ಎಂದರು. ಹೂತವರೇ ಯಾರಾದರೂ ಜಾಗ ತೋರಿಸಿದರೆ ಒಂದೇ ವಾರದಲ್ಲಿ ತೆಗೆದುಕೊಡುತ್ತೇವೆ ಎಂದೂ ಹೇಳಿಹೋದರು. ಅತ್ತ ನೀರಿಲ್ಲ. ಮೊನ್ನೆ ನಾಲ್ಕನೇ ತಾರೀಖು, ಶಾಂತಿ ಒಪ್ಪಂದಕ್ಕೆ ಎರಡು ವರ್ಷ ತುಂಬಿದ ದಿನ, ಊರೆಲ್ಲ ಮಾವಿನ ಮರದಡಿ ಸೇರಿತ್ತು. ಡೋಲು ನಿಂತ ಮೇಲೆ ಯಜಮಾನರು ಎದ್ದು, "ಸೋಮವಾರ ಒರತೆಯ ಹುಲ್ಲಿಗೆ ಬೆಂಕಿ ಕೊಟ್ಟು, ದನ ಮುಂದೆ ಬಿಟ್ಟು ದಾರಿ ಮಾಡೋಣ. ವೋಟಿಗೆ ಬರೋಕೆ ಕೆಳಗಿನ ಕೇರಿಯವರಿಗೂ ಆ ದಾರಿ ಹತ್ತಿರವಾಗುತ್ತಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ಅಲ್ಲಿ ಒಂದಲ್ಲ, ಬಹಳ ಇವೆ. ನನ್ನ ತಮ್ಮ ಹೂತಿದ್ದಾನೆ. ನನಗೆ ಕ್ರಿಸ್ಮಸ್‌ನಿಂದ ಗೊತ್ತು" ಎಂದೆ.

ಜನುವಾರಿಯೊನ ಹೆಂಡತಿ ನೇರ ಬಂದು ನನ್ನ ಕೆನ್ನೆಗೆ ಹೊಡೆದಳು. ಹೊಡೆಸಿಕೊಂಡೆ. ಯಾರೋ ಮನೆಗೆ ಬೆಂಕಿ ಹಾಕಿ ಎಂದರು. ಅಮ್ಮ ಕೋಲೂರಿಕೊಂಡು ನಡುವೆ ಬಂದು, "ಹಾಕಿ, ಆದರೆ ನಾನು ಒಳಗೇ ಇರ್ತೀನಿ" ಎಂದಳು. ಆಗ ಫೆಲಿಸ್ಮಿನಕ್ಕ ಎದ್ದಳು. ಕಾಡಿನವರು ಶಾಲೆಗೆ ನುಗ್ಗಿ ಕೊಂದ ಮೇಷ್ಟ್ರ ಹೆಂಡತಿ. ಆ ದಿನ ಬಾಗಿಲ ಬಳಿ ಬಂದೂಕು ಹಿಡಿದು ನಿಂತಿದ್ದ ನಿನ್ನನ್ನು ಕಣ್ಣಾರೆ ಕಂಡವಳು. ಅವಳು ಬಾಯಿ ಬಿಟ್ಟರೆ ನಮ್ಮ ಕತೆ ಮುಗಿಯಿತು ಅಂದುಕೊಂಡೆ. "ನನ್ನ ಗಂಡನ ಮಾತು ಆಮೇಲೆ. ಮೊದಲು ನೀರಿನ ದಾರಿ" ಎಂದಳು, ಅಷ್ಟೇ. ಬೆಂಕಿಯ ಮಾತು ಅಲ್ಲಿಗೆ ನಿಂತಿತು. ಯಜಮಾನರು ಸೋಮವಾರದ ಕೆಲಸವನ್ನು ಒಂದು ವಾರ ಮುಂದೆ ಹಾಕಿದ್ದಾರೆ. ಅದಕ್ಕಿಂತ ಹೆಚ್ಚು ಬಾಯಾರಿಕೆ ತಡೆಯದು.

ನಿನ್ನ ಗುಟ್ಟು ಬಯಲು ಮಾಡಿದ್ದಕ್ಕೆ ಕ್ಷಮಿಸು ಎಂದು ಬರೆಯಲಾರೆ. ಮುಚ್ಚಿಟ್ಟದ್ದಕ್ಕೆ ಜನುವಾರಿಯೊನನ್ನು ಕ್ಷಮೆ ಕೇಳಬೇಕು, ಇನ್ನೂ ಧೈರ್ಯ ಬಂದಿಲ್ಲ. ಕಾನೂನಿನಲ್ಲಿ ನಿನಗೆ ಮಾಫಿ ಇದೆ. ಊರಿನಲ್ಲಿ ಇದೆಯೋ ಇಲ್ಲವೋ, ಸುಳ್ಳು ಹೇಳುವುದಿಲ್ಲ. ಬರಲು ಭಯವಾದರೆ ಬರಬೇಡ. ಎಲ್ಲೆಲ್ಲಿ ಹೂತಿದ್ದೀರಿ ಎಂದು ಗುರುತು ಹಾಕಿ ಒಂದು ಚಿತ್ರ ಬರೆದು ಕೊಡು. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆ, ಊಹಿಸಬೇಡ.

ದೇವರು ನಿನ್ನ ಕಾಲುಗಳನ್ನು ಕಾಯಲಿ. ಎಲ್ಸಾ ಮಾವನಿಗೆ ಮುತ್ತು ಕಳಿಸಿದ್ದಾಳೆ. ಅಮ್ಮ ನಿನ್ನ ಹೆಸರು ಹೇಳಿಕೊಂಡೇ ಜಪಮಣಿ ಎಣಿಸುತ್ತಾಳೆ.

ನಿನ್ನ ಅಕ್ಕ,
ಬೆಲ್ಮಿರಾ

ಮರೆತೆ: ಈ ಪತ್ರ ತಂದವಳು ಫೆಲಿಸ್ಮಿನಕ್ಕ. ನಾನೇ ಹೋಗುತ್ತೇನೆ ಎಂದು ಹಟ ಹಿಡಿದಳು, ಎರಡು ದಿನದ ದಾರಿ ನಡೆದು ಬಂದಿದ್ದಾಳೆ. ಮೊದಲೇ ಬರೆದಿದ್ದರೆ ನೀನು ಡೇರೆಯ ಹಿಂದಿನಿಂದ ಓಡುತ್ತಿದ್ದೆ. ಪತ್ರವನ್ನು ಪೂರ್ತಿ ಓದಿ ಮಡಿಸಿದವಳೂ ಅವಳೇ. ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಕೂರಿಸಿ ನೀರು ಕೊಡು. ಚಿತ್ರ ಬರೆದು ಮುಗಿಸಿದ ಮೇಲೆ ಮೇಷ್ಟ್ರ ಬಗ್ಗೆ ಕೇಳುತ್ತಾಳೆ. ಆಗ ತಲೆ ತಗ್ಗಿಸಬೇಡ ತಮ್ಮ, ಅವಳ ಮುಖ ನೋಡಿ ನಡೆದದ್ದನ್ನು ಹೇಳು.