ಕೆಳಗಿನವರ ಅಳತೆ

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ಆರರಿಂದ ಗ್ಯಾಸ್ ಸಿಲಿಂಡರಿನ ಸಾಲಿನಲ್ಲಿ. ದೇಶದ ಅನಿಲ ಗಡಿ ದಾಟುತ್ತದೆ, ಬೆಟ್ಟದ ಮೇಲಿನ ನಮ್ಮ ಎಲ್ ಆಲ್ತೊದ ಓಣಿಗೆ ಬರುವುದಿಲ್ಲ. ೨೦೦೩ರಲ್ಲಿ ಇದರ ವಿರುದ್ಧ ಬೀದಿಗಿಳಿದ ಜನ ಇಲ್ಲಿ ಗುಂಡಿಗೆ ಸತ್ತರು. ಸರ್ಕಾರಗಳು ಬದಲಾದವು, ಸಾಲು ಬದಲಾಗಲಿಲ್ಲ.

ಮನೆಗೆ ಬಂದರೆ ಮಗಳು ಡಾನಿತ್ಸಾ ಇನ್ನೂ ಡ್ಯೂಟಿಗೆ ಹೊರಟಿಲ್ಲ. ವಿಮಾನ ಕಂಪನಿ ಕೆಡೆಟ್ ಪೈಲಟ್ ತರಬೇತಿಗೆ ಅರ್ಜಿ ಕರೆದಿದೆಯಂತೆ. ಏಪ್ರಿಲ್ ೧೫ ಕೊನೆ. ವಯಸ್ಸು ಇಪ್ಪತ್ತೆಂಟರವರೆಗೆ, ಇವಳಿಗೆ ಇಪ್ಪತ್ತೇಳು. ಈ ವರ್ಷ, ಇಲ್ಲವೇ ಮುಂದಿನ ವರ್ಷ. ಅರ್ಜಿ ಹಾಕಿದ ಹತ್ತು ದಿನಕ್ಕೆ ಕೆಳಗೆ ಬಯಲಿನ ಸಾಂತಾ ಕ್ರೂಸ್‌ನಲ್ಲಿ ಮೆಡಿಕಲ್. ಬಿದ್ದರೆ ಮೂರು ವರ್ಷ ಅರ್ಜಿ ಹಾಕುವಂತಿಲ್ಲ — ಅಂದರೆ ಅಲ್ಲಿಗೆ ಮುಗಿಯಿತು. ಐದು ವರ್ಷದಿಂದ ಚೆಕ್-ಇನ್ ಕೌಂಟರಿನಲ್ಲಿ ನಿಂತು ಬೇರೆಯವರಿಗೆ ಕಿಟಕಿ ಸೀಟು ಕೊಡುತ್ತಿದ್ದಾಳೆ.

ಷರತ್ತು ಹನ್ನೊಂದು: ರಕ್ತದಲ್ಲಿ ಕೆಂಪುಕಣದ ಪಾಲು ನೂರಕ್ಕೆ ಐವತ್ತು ಮೀರಬಾರದು. ಹೋದ ವರ್ಷ ಆಫೀಸಿನ ಪರೀಕ್ಷೆಯಲ್ಲಿ ಇವಳದು ಐವತ್ತಾರು ಇತ್ತು.

ಗಾಳಿ ತೆಳುವಾದಷ್ಟೂ ಕೆಂಪುಕಣ ಹೆಚ್ಚುತ್ತದೆ; ನಾಲ್ಕು ಸಾವಿರ ಮೀಟರ್ ಮೇಲೆ ಹುಟ್ಟಿದವರ ರಕ್ತ ಇನ್ನು ಹೇಗಿರಬೇಕಂತೆ?

ಮಾರ್ಚ್ ೬

"ಮುಂದಿನ ವರ್ಷ ಹಾಕ್ತೀನಮ್ಮ. ಅಷ್ಟರಲ್ಲಿ ಏನಾದ್ರೂ ದಾರಿ ಸಿಗುತ್ತೆ."

"ಮುಂದಿನ ವರ್ಷ ನಿನ್ನ ರಕ್ತ ಬೇರೆ ಆಗುತ್ತಾ? ಅವರ ನಿಯಮ ಬೇರೆ ಆಗ್ಬೇಕು."

ಇದರ ವಿರುದ್ಧ ಪತ್ರಿಕೆಗೆ ಬರೆಯುತ್ತೇನೆ ಎಂದು ಹೇಳಿ ೨೦೦೭ ನೆನಪಿಸಿದೆ. ಫುಟ್‌ಬಾಲ್ ಸಂಸ್ಥೆಯ ದೊಡ್ಡವರು ನಮ್ಮ ಎತ್ತರದಲ್ಲಿ ಅಂತಾರಾಷ್ಟ್ರೀಯ ಪಂದ್ಯವೇ ಆಡಬಾರದು ಎಂದಿದ್ದರು. ಆಗಲೂ ಪತ್ರಿಕೆಗೆ ಬರೆದಿದ್ದೆ. ಆ ನಿಯಮ ಬಿತ್ತು.

"ನಿನ್ನ ಪತ್ರದಿಂದ ಬಿತ್ತಾ?"

"ಎಲ್ಲರ ಪತ್ರದಿಂದ."

"ಪತ್ರ ಬರೆಯೋರಿಗೆ ವಿಮಾನ ಕೊಡಲ್ಲಮ್ಮ," ಎಂದು ಟೋಪಿ ಎಳೆದುಕೊಂಡು ಹೋದಳು. ತಲೆನೋವಂತೆ. ಆ ಕೌಂಟರಿನ ದೀಪಗಳೇ ಹಾಗೆ.

ಮಾರ್ಚ್ ೧೧

ಪಕ್ಕದ ಮನೆಯ ದೋನ್ಯಾ ಹಸಿಂತಾ ಉಪಾಯ ಹೇಳಿದಳು. ಅವಳ ಅಣ್ಣನ ಮಗ ಸೈನ್ಯದ ಮೆಡಿಕಲ್ಲಿಗೆ ಮುಂಚೆ ಮೂರು ವಾರ ಸಾಂತಾ ಕ್ರೂಸ್‌ಗೆ ಹೋಗಿ ಸುಮ್ಮನೆ ಕೂತನಂತೆ. ರಕ್ತ ತಾನಾಗಿ ಇಳಿಯಿತಂತೆ.

"ನಮ್ಮ ರಕ್ತ ಚುನ್ಯೊ ಆಲೂಗಡ್ಡೆ ಇದ್ದಂಗೆ ಟೀಚರೇ. ಇಲ್ಲಿ ಚಳಿಗೆ ಒಣಗಿ ಕಲ್ಲಾಗಿರುತ್ತೆ. ಕೆಳಗೆ ನೆನೆಹಾಕಿದ್ರೆ ತಾನೇ ಮೆತ್ತಗಾಗುತ್ತೆ."

ಡಾನಿತ್ಸಾ ನಕ್ಕಳು. ಬಹಳ ದಿನದ ಮೇಲೆ.

ನಿರ್ಧಾರ ಆಯಿತು — ಈ ವರ್ಷವೇ. ಏಪ್ರಿಲ್ ಒಂದಕ್ಕೆ ರಜೆ ಹಾಕಿ ಕೆಳಗೆ, ನನ್ನ ತಮ್ಮ ರುಫಿನೊ ಮನೆಗೆ. ಕೊನೆಯ ದಿನ ಅರ್ಜಿ. ಮೆಡಿಕಲ್ ಬರುವ ಹೊತ್ತಿಗೆ ಮೂರು ವಾರ ದಾಟಿರುತ್ತದೆ.

ಆದರೂ ನನ್ನ ಪತ್ರ ಹೋಗಲೇಬೇಕು. ಇವಳು ನುಸುಳಿಕೊಂಡು ಹೋದರೆ ಉಳಿದವರ ಗತಿ? ಪುರಾವೆ ಬೇಕು. ನಮ್ಮ ಎತ್ತರದ ಕ್ಲಿನಿಕ್‌ನಲ್ಲಿ ಪರೀಕ್ಷೆ ಮಾಡಿಸಿ, 'ಇದು ಇಲ್ಲಿಗೆ ಸಹಜ' ಎಂದು ಸೀಲು ಹಾಕಿಸಿ ಪತ್ರಕ್ಕೆ ಲಗತ್ತಿಸುತ್ತೇನೆ.

"ಬೇಕಾ ಅಮ್ಮ?"

"ಅರ್ಧ ಗಂಟೆ ಕೆಲಸ. ನಿಂಗೆ ರಜೆ ಸಿಕ್ಕ ದಿನ ಬಾ."

ಮಾರ್ಚ್ ೨೭

ಅರವತ್ತಮೂರು.

ಡಾಕ್ಟರ್ ಕಿಸ್‌ಬೆರ್ಟ್, ಚಿಕ್ಕ ವಯಸ್ಸಿನ ಹೆಂಗಸು. ಕಾಗದ ತಿರುಗಿಸಿ ತೋರಿಸಿದಳು. ನಾನು ಶುರು ಮಾಡಿದೆ — ಕೆಳಗಿನವರ ಅಳತೆ, ಫುಟ್‌ಬಾಲ್, ಎಲ್ಲ. ಪೂರ್ತಿ ಕೇಳಿಸಿಕೊಂಡಳು.

"ನಾನೂ ಇದೇ ಊರಲ್ಲಿ ಹುಟ್ಟಿದವಳು ಟೀಚರ್. ಐವತ್ತು ಅನ್ನೋದು ಅನ್ಯಾಯ, ಒಪ್ಪಿದೆ. ಆದ್ರೆ ಅರವತ್ತಮೂರು ನಮ್ಮ ಅಳತೆಗೂ ಜಾಸ್ತಿ. ಇದು ಕಾಯಿಲೆ."

ತಲೆನೋವು ಎಷ್ಟು ದಿನದಿಂದ? ನಿದ್ದೆ? ಉಗುರು ಯಾವಾಗಿಂದ ನೀಲಿ? ಎಲ್ಲದಕ್ಕೂ ಡಾನಿತ್ಸಾ ಬಳಿ ಉತ್ತರವಿತ್ತು. ನನಗೆ ಯಾವುದೂ ಗೊತ್ತಿರಲಿಲ್ಲ.

"ತಂದೆ?"

"ಹೋಗಿ ಒಂಬತ್ತು ವರ್ಷ ಆಯ್ತು. ಮಿನಿಬಸ್ ಓಡಿಸ್ತಿದ್ರು. ಸ್ಟಿಯರಿಂಗ್ ಮೇಲೇ ಮಲಗಿಬಿಟ್ರು. ಐವತ್ತೊಂದು ವಯಸ್ಸು."

ನನ್ನ ಗಂಡ ಫೆರ್ಮಿನ್‌ನ ತುಟಿ ಕಪ್ಪಗಿತ್ತು. ಬೆಟ್ಟದವರ ಬಣ್ಣ ಎಂದು ನಾವು ಹೆಮ್ಮೆಪಡುತ್ತಿದ್ದೆವು.

ಕಾಯಿಲೆ ಎಂದು ಬರೆದು ಸೀಲು ಹಾಕಿ ಕೊಟ್ಟಳು. ನಾನು ಕೇಳಿದ್ದು ಸೀಲನ್ನೇ ಅಲ್ಲವೇ.

ಮಾರ್ಚ್ ೩೦

ಅರ್ಜಿಯ ಎರಡನೇ ಪುಟ: 'ರಕ್ತಕ್ಕೆ ಸಂಬಂಧಿಸಿದ ಕಾಯಿಲೆ ಇದೆ ಎಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ?'

ಬುಧವಾರದವರೆಗೆ ಪ್ರಾಮಾಣಿಕವಾಗಿ ಇಲ್ಲ ಎನ್ನಬಹುದಿತ್ತು. ನಾನು ಕರೆದುಕೊಂಡು ಹೋದೆ.

ಹಸಿಂತಾಗೆ ಹೇಳಿದೆ. "ಆ ಕಾಗದ ಒಲೆಗೆ ಹಾಕಿ ಟೀಚರೇ. ಯಾರು ಬಂದು ಕೇಳ್ತಾರೆ?"

ಮೂವತ್ತೊಂದು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದೆ. ದಾಖಲೆ ಸುಟ್ಟವರ ಹೆಸರುಗಳನ್ನು ಬಾಯಿಪಾಠ ಮಾಡಿಸಿದೆ. ಇವತ್ತು ಬೆಂಕಿಪೊಟ್ಟಣ ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು. ಒಲೆ ಹಚ್ಚಿ ಸಾರಿಗಿಟ್ಟೆ; ಕಾಗದ ಮೇಜಿನ ಮೇಲೇ ಉಳಿಯಿತು.

ಏಪ್ರಿಲ್ ೧

ಬಸ್ಸು ಹತ್ತಿಸಿದೆ. ಜಗಳವಿಲ್ಲ. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೯

ಫೋನ್. "ಅಮ್ಮ, ತಲೆನೋವಿಲ್ಲ. ಎಂಟು ಗಂಟೆ ನಿದ್ದೆ ಮಾಡ್ದೆ. ಜನ ದಿನಾ ಹೀಗೇ ಮಲಗ್ತಾರಾ?"

ಊಟ ಆಯ್ತಾ ಎಂದೆ.

ರುಫಿನೊ ಫೋನ್ ಕಿತ್ತುಕೊಂಡ: "ಅಕ್ಕಾ, ನಿನ್ನ ಮಗಳ ಕೆನ್ನೆಗೆ ಮನುಷ್ಯರ ಬಣ್ಣ ಬಂದಿದೆ!"

ಏಪ್ರಿಲ್ ೧೩

ಡಾನಿತ್ಸಾಳ ಮೊನ್ನೆಯ ರಕ್ತಪರೀಕ್ಷೆ ಐವತ್ತೈದು. ಇನ್ನೂ ಇಳಿಯುತ್ತದೆ, ಮೆಡಿಕಲ್ ಹೊತ್ತಿಗೆ ಐವತ್ತರೊಳಗೆ.

ಕಿಸ್‌ಬೆರ್ಟ್ ಹತ್ತಿರ ಒಬ್ಬಳೇ ಹೋಗಿದ್ದೆ. ಸೋಮವಾರ 'ಇಲ್ಲ' ಎಂದು ಬರೆದರೆ ಪಾಸಾಗಬಹುದು. ಎಂದಾದರೂ ಗೊತ್ತಾದರೆ ಲೈಸೆನ್ಸೇ ಹೋಗುತ್ತದೆ. 'ಹೌದು' ಎಂದರೆ ಮೆಡಿಕಲ್‌ನಲ್ಲೇ ತಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ಈಗ ಅರ್ಜಿ ಹಾಕದೆ ಒಂದು ವರ್ಷ ಕೆಳಗೇ ಇದ್ದು ರಕ್ತ ಸರಿಯಾಗಿದ್ದರೆ ಡಾಕ್ಟರೇ ಸರ್ಟಿಫಿಕೇಟ್ ಕೊಡುತ್ತಾಳಂತೆ. ಆಗ 'ಹೌದು' ಎಂದು ಬರೆದೂ ಹಾಕಬಹುದು.

"ತಗೊಳ್ತಾರೆ ಅಂತ ಮಾತು ಕೊಡಲ್ಲ ಟೀಚರ್. ಮೇಲೆ ಬಂದು ಇದ್ರೆ ಮತ್ತೆ ಏರುತ್ತೆ, ಅದಕ್ಕೆ ಮಾತ್ರ ಮಾತು ಕೊಡ್ತೀನಿ."

ಪತ್ರಿಕೆಗೆ ಬರೆದ ಪತ್ರ ಮೇಜಿನ ಮೇಲಿದೆ. ಮತ್ತೆ ಓದಿದೆ. ಒಂದು ವಾಕ್ಯವೂ ಸುಳ್ಳಲ್ಲ. ಕಳಿಸಲಿಲ್ಲ.

ಏಪ್ರಿಲ್ ೧೫, ಸೋಮವಾರ, ಸಂಜೆ ೪

ಆರಕ್ಕೆ ಅರ್ಜಿ ಮುಚ್ಚುತ್ತದೆ. ಅವಳೇ ಫೋನ್ ಮಾಡಿದಳು.

"ಎಲ್ಲ ತುಂಬಿದೀನಿ. ಎರಡನೇ ಪುಟ ಒಂದು ಖಾಲಿ. ಹೇಳಮ್ಮ."

ಅಭಿಪ್ರಾಯ ಇಲ್ಲದ ವಿಷಯ ನನಗೆ ಇರಲೇ ಇಲ್ಲ.

"ಮುಂದಿನ ವರ್ಷ ಹಾಕು. ಅಲ್ಲೇ ಇರು."

"ಮನೆಗೆ ಬರಬೇಡ ಅಂತಿದೀಯ."

"ಹೂಂ."

ಆಮೇಲೆ ಅವಳು: "ನಾನೂ ಅದನ್ನೇ ಅಂದ್ಕೊಂಡಿದ್ದೆ. ನೀನು ಬೈತೀಯ ಅಂತ ಸುಮ್ನಿದ್ದೆ."

ಏಪ್ರಿಲ್ ೧೭

ಬಸ್ಸಿನಲ್ಲಿ ಕಳಿಸಲು ಅವಳ ಬಟ್ಟೆ ಆರಿಸುತ್ತಿದ್ದೇನೆ. ಅಲ್ಲಿ ಸೆಕೆ. ಸ್ವೆಟರ್ ಬೇಡ. ಶಾಲು ಬೇಡ. ಟೋಪಿ, ಉಣ್ಣೆಯ ಕಾಲುಚೀಲ, ನಾನು ಹೆಣೆದದ್ದು — ಬೇಡ. ಬೀರು ಪೂರ್ತಿ ತುಂಬಿಕೊಂಡೇ ಇದೆ. ಚೀಲಕ್ಕೆ ಹಾಕಲು ಇಲ್ಲಿಯವರೆಗೆ ಸಿಕ್ಕಿದ್ದು ಒಂದು ತೆಳು ಅಂಗಿ, ಅಷ್ಟೇ.