ಏರುವ ಅಂಕಿಗೆ ಹಸಿರು ಸೀಲು

ಹಸಿರು ಸೀಲಿನ ಜನಕರಾದ ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಮೊದಲು ಅಭಿನಂದನೆ ತೆಗೆದುಕೊಳ್ಳಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಮುಗಿಸಿದವರು ಮತ್ತೆ ಡಾಕ್ಟರ ಮುಖ ನೋಡದಂತೆ ಕಾಯುವ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಬೇರೆಲ್ಲೂ ಇರಲಾರದು. ಆರು ತಿಂಗಳಿಗೊಮ್ಮೆ ರಕ್ತ ಕೊಡಬೇಕು, ಮಾರನೇ ದಿನ ನಾಲ್ಕನೇ ಕಿಟಕಿಗೆ ಹೋಗಬೇಕು. ಪ್ರಾಸ್ಟೇಟಿನ ಸುದ್ದಿಯನ್ನು ರಕ್ತದಲ್ಲಿ ತೋರಿಸುವ ಪಿಎಸ್ಎ ಎಂಬ ಅಂಕಿ ನಾಲ್ಕರೊಳಗಿದ್ದರೆ ಹಸಿರು ಸೀಲು: 'ಸಾಮಾನ್ಯ. ಆರು ತಿಂಗಳ ನಂತರ ಬನ್ನಿ.' ನಾಲ್ಕು ದಾಟಿದರೆ ಕೆಂಪು ಸೀಲು ಮತ್ತು ಡಾಕ್ಟರ ಟೋಕನ್. ಹೊಸ ರಿಪೋರ್ಟ್ ಬೇಕೆಂದರೆ ಹಳೆಯದನ್ನು ಕಿಟಕಿಯೊಳಗೆ ವಾಪಸ್ ಕೊಡಬೇಕು. ಹೊಸದರಲ್ಲಿ ಹಳೆಯ ಅಂಕಿ ಇರುವುದಿಲ್ಲ. ಹೀಗೆ ನಿಮ್ಮ ರೋಗಿ ಪ್ರತಿ ಆರು ತಿಂಗಳಿಗೊಮ್ಮೆ ಹೊಸದಾಗಿ ಹುಟ್ಟುತ್ತಾನೆ. ಎಂಥ ಅದ್ಭುತ!

ನಾನು ಡಾಕ್ಟರಲ್ಲ. ನಮ್ಮ ಪೇಟೆಯ ಫುಟ್ಬಾಲ್ ತಂಡದ ಅಭಿಮಾನಿ, ತಂಡದ ಚಾಟ್ ಗ್ರೂಪಿನ ಅಡ್ಮಿನ್. ಗ್ರೂಪಿನಲ್ಲಿ ಇನ್ನೂರ ಹದಿನಾಲ್ಕು ಜನ ಇದ್ದೇವೆ. ನಮ್ಮ ಕೋಚ್ ಸರ್ ನಿಮ್ಮಲ್ಲಿ ಮೂವತ್ತೇಳು ದಿನ ವಿಕಿರಣ ಹಾಕಿಸಿಕೊಂಡರು. ಚಿಕಿತ್ಸೆ ಕೊಟ್ಟವರ ಮೇಲೆ ನನ್ನ ದೂರಿಲ್ಲ. ಯಂತ್ರದ ಕೋಣೆಯ ತಂತ್ರಜ್ಞರು ಅವರನ್ನು ಮನೆಯವರಂತೆ ನೋಡಿಕೊಂಡರು. ಆಮೇಲಿನ ತಿಂಗಳುಗಳಲ್ಲಿ ಸರ್ ಹತ್ತು ಹೆಜ್ಜೆ ನಡೆದು ಬೆಂಚಿನ ಮೇಲೆ ಕೂರುತ್ತಿದ್ದರು. ಆಟದ ನಡುವೆ ಮೂತ್ರಕ್ಕೆ ಅವಸರವಾದರೆ ಶೌಚಾಲಯದತ್ತ ಓಡುತ್ತಿದ್ದರು. ನಮ್ಮ ಗೋಲ್‌ಕೀಪರ್ ಗೋಲ್ ಕಂಬದ ಬಳಿಯಿಂದಲೇ ಕೂಗುತ್ತಿದ್ದ: "ಸರ್, ಈ ಸ್ಪೀಡು ನಮ್ಮ ಫಾರ್ವರ್ಡ್‌ಗೂ ಸ್ವಲ್ಪ ಹೇಳ್ಕೊಡಿ!" ಸರ್ ಓಡುತ್ತಲೇ ಬೈಯುತ್ತಿದ್ದರು. ವರ್ಷ ಕಳೆಯುವಷ್ಟರಲ್ಲಿ ಓಟ ನಿಂತಿತು, ಬೈಗುಳ ಮಾತ್ರ ಉಳಿಯಿತು. ಗುಣವಾಗಿದ್ದಾರೆ ಎಂದು ನಾವೆಲ್ಲ ನಿರಾಳರಾದೆವು.

ಹಸಿರು ಸೀಲಿನ ಪ್ರತಿ ರಿಪೋರ್ಟಿನ ಫೋಟೋವನ್ನೂ ಸರ್ ಗ್ರೂಪಿಗೆ ಹಾಕುತ್ತಿದ್ದರು. ಕೆಳಗೆ ನಮ್ಮ ಚಪ್ಪಾಳೆಗಳ ಸುರಿಮಳೆ, 'ಗೋಲ್!' ಎಂಬ ಕಿರುಚಾಟ. ಎಲ್ಲರಿಗಿಂತ ಮೊದಲು ಕಿರುಚುತ್ತಿದ್ದವನು ನಾನು. ಹೋದ ತಿಂಗಳು ಆರನೆಯ ಹಸಿರು ಸೀಲು ಬಂತು. ಪೋಸ್ಟರ್ ಮಾಡೋಣವೆಂದು ಆರೂ ಫೋಟೋಗಳನ್ನು ಹುಡುಕಿ ಸಾಲಾಗಿ ಜೋಡಿಸಿದೆ. 1.1, 0.6, 0.3, 0.9, 1.7, 2.6. ಸೀಲು ನೀಟಾಗಿ ಕಾಣುತ್ತಿದೆಯೇ ಎಂದು ನೋಡಿದೆನೇ ಹೊರತು ಅಂಕಿ ಓದಲಿಲ್ಲ. ಗ್ರೂಪಿಗೆ ಹಾಕಿದೆ. ಎಂಬತ್ತು ಚಪ್ಪಾಳೆ ಬಿದ್ದವು. ಎಂಬತ್ತೊಂದನೆಯದು ಮಾತ್ರ ಚಪ್ಪಾಳೆಯಲ್ಲ, ನಮ್ಮ ಗೋಲ್‌ಕೀಪರನ ಅಕ್ಕನ ಸಂದೇಶ. ಅವರು ಬೇರೊಂದು ಊರಿನಲ್ಲಿ ನರ್ಸ್.

'ಪೋಸ್ಟರ್ ತೆಗಿ. ನಂಗೆ ಫೋನ್ ಮಾಡು.'

ಮಾಡಿದೆ. "ನಾಲ್ಕರ ಲೆಕ್ಕ ಎಲ್ಲಾ ಗಂಡಸರಿಗೂ ಹಾಕೋ ಸಾಮಾನ್ಯ ಲೆಕ್ಕ ಕಣೋ. ರೇಡಿಯೇಷನ್ ಆದವರಿಗೆ ಹಾಗಲ್ಲ. ಅವರ ಅಂಕಿ ಎಲ್ಲಿವರೆಗೆ ಇಳೀತು ಅಂತ ನೋಡ್ಬೇಕು. ಅಲ್ಲಿಂದ ಎರಡು ಮೇಲೆ ಹೋದ್ರೆ ಡಾಕ್ಟರು ನೋಡ್ಲೇಬೇಕು," ಎಂದರು. "ಕೆಲವರಿಗೆ ಒಂದ್ಸಲ ಏರಿ ತಾನೇ ಇಳಿಯುತ್ತೆ, ಗಾಬರಿ ಬೀಳ್ಬೇಡ. ಆದ್ರೆ ಯಾವುದು ಏನು ಅಂತ ಹೇಳೋಕೆ ಡಾಕ್ಟರು ಬೇಕು, ಸೀಲಲ್ಲ."

ಸರ್ ಅವರ ತಳ 0.3. ಈಗ 2.6. ಗೋಲ್ ಅಂತರದ ಮೇಲೆ ಗಂಟೆಗಟ್ಟಲೆ ಜಗಳವಾಡುವ ನಾವು, ಮೂರು ಸಲ ಏರಿದ ಅಂಕಿಗೆ ಮೂರು ಸಲವೂ ಚಪ್ಪಾಳೆ ತಟ್ಟಿದ್ದೆವು. ನಾವು ಪಡ್ಡೆ ಹುಡುಗರು, ಬಣ್ಣ ನೋಡಿ ಕುಣಿದೆವು. ತಾವೂ ಬಣ್ಣ ನೋಡಿಯೇ ಆಸ್ಪತ್ರೆ ನಡೆಸುವುದೇ?

ಸೋಮವಾರ ಸರ್, ಅವರ ಹೆಂಡತಿ ಅಂದರೆ ನಮ್ಮ ಆಂಟಿ, ಮತ್ತು ನಾನು ನಾಲ್ಕನೇ ಕಿಟಕಿಗೆ ಬಂದೆವು. ಒಳಗಿದ್ದ ಅಕ್ಕ ರಿಪೋರ್ಟ್ ತಿರುಗಿಸಿ ನೋಡಿದರು.

"ಹಸಿರು ಬಂದಿದೆಯಲ್ಲಾ, ಮತ್ಯಾಕೆ ಬಂದ್ರಿ?"

"ಅಕ್ಕಾ, ಅಂಕಿ ಏರ್ತಾ ಇದೆ. ಹಳೇದೆಲ್ಲಾ ಒಂದ್ಸಲ ನೋಡಿ."

"ಹಳೇದು ನನ್ನ ಹತ್ರ ಬರಲ್ಲಪ್ಪ. ಸ್ಟೋರ್ ರೂಮಿಗೆ ಹೋಗುತ್ತೆ."

"ನನ್ನ ಫೋನಲ್ಲಿ ಫೋಟೋ ಇದೆ, ನೋಡಿ."

"ಫೋಟೋಗೆಲ್ಲಾ ಟೋಕನ್ ಕೊಟ್ರೆ ನನ್ನ ಕೆಲಸ ಹೋಗುತ್ತೆ. ಕೆಂಪು ಬರ್ಲಿ, ನಾನೇ ಮೊದಲನೇ ಟೋಕನ್ ಕೊಡ್ತೀನಿ."

ಕೆಂಪು ಬರಲಿ! ಎಷ್ಟು ಪ್ರೀತಿಯ ಹಾರೈಕೆ! ಆ ಅಕ್ಕನ ತಪ್ಪಿಲ್ಲ ಬಿಡಿ, ಕೈಯಲ್ಲಿರುವುದು ಎರಡೇ ಸೀಲು. ಸರ್ ನನ್ನ ಅಂಗಿ ಹಿಡಿದು ಎಳೆದರು. "ಬಾರೋ ಮರಿ. ರೆಫ್ರಿ ಜೊತೆ ವಾದ ಮಾಡಬಾರದು ಅಂತ ನಿಮಗೆಲ್ಲಾ ಹೇಳ್ಕೊಟ್ಟಿದ್ದೀನಿ ತಾನೆ?"

ಆಂಟಿ ಅಲ್ಲೇ ತಿರುಗಿ ನಿಂತರು. "ಅಯ್ಯೋ ಮಹಾನುಭಾವರೇ! ಮೂವತ್ತು ವರ್ಷ ನೀವು ರೆಫ್ರಿಗಳಿಗೆ ಬೈದಿದ್ದು ಅಡುಗೆಮನೆವರೆಗೂ ಕೇಳಿಸ್ತಿತ್ತು. ನಿಮ್ಮ ಜೀವದ ವಿಷಯಕ್ಕೆ ಬಂದಾಗಲೇ ಸಾಧು ಆಗ್ಬೇಕಾ?"

ಸರ್ ಕಬ್ಬಿಣದ ಕುರ್ಚಿಯ ಮೇಲೆ ಕೂತು ಆ ರಿಪೋರ್ಟನ್ನು ನಾಲ್ಕಾಗಿ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಹೆದರಿದ್ದರು. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಂಟಿ ಬೈಯುವುದನ್ನು ಅರ್ಧಕ್ಕೇ ನಿಲ್ಲಿಸಿ ಪಕ್ಕದಲ್ಲಿ ಕೂತರು.

ಈಗ ಹೇಳಿ, ಮಾನ್ಯರೇ. ಅಂಕಿ ನಾಲ್ಕು ದಾಟುವವರೆಗೆ ಕಾಯಬೇಕೆಂಬುದು ಯಾರ ಸಲಹೆ? ವೈದ್ಯರದೋ, ಸರತಿ ಸಾಲು ಚಿಕ್ಕದಾಗಲೆಂದು ಬಯಸಿದ ಸಭೆಯದೋ? ಸ್ಟೋರ್ ರೂಮಿನಲ್ಲಿ ಕೂಡಿಟ್ಟ ಹಳೆಯ ರಿಪೋರ್ಟುಗಳನ್ನು ಅಲ್ಲಿ ಯಾರು ಓದುತ್ತಾರೆ? ಇಲಿಗಳಾದರೆ, ಅಂಕಿ ಏರುತ್ತಿರುವುದು ಅವಕ್ಕಾದರೂ ಇಷ್ಟರಲ್ಲಿ ತಿಳಿದಿರಬೇಕು. ನಮ್ಮ ಸರ್‌ಗೆ ಫೋಟೋ ಹಾಕುವ ಚಟವಿತ್ತು, ವಿಷಯ ಗೊತ್ತಾಯಿತು. ಆ ಚಟವಿಲ್ಲದೆ ಹಸಿರು ಕಾಗದ ಹಿಡಿದು ನಗುತ್ತಾ ಮನೆಗೆ ಹೋದವರು ಎಷ್ಟು ಜನ?

ಈ ಪತ್ರ ಬರೆಯಲು ಸರ್ ಒಪ್ಪಿಗೆ ಕೊಟ್ಟಿದ್ದಾರೆ. "ಬರಿ. ನನ್ನ ಫೋಟೋ ಮಾತ್ರ ಹಾಕ್ಬೇಡ, ಹೊಟ್ಟೆ ಕಾಣ್ಸುತ್ತೆ," ಎಂದರು.

ಕೇಳುವುದು ಇಷ್ಟೇ. ಪ್ರತಿ ರಿಪೋರ್ಟಿನಲ್ಲಿ ಹಿಂದಿನ ಎಲ್ಲ ಅಂಕಿಗಳನ್ನೂ ಅಚ್ಚು ಹಾಕಿಸಿ. ಹಳೆಯ ರಿಪೋರ್ಟು ರೋಗಿಯ ಬಳಿಯೇ ಇರಲಿ. ವಿಕಿರಣ ಮುಗಿಸಿದವರಿಗೆ ಸೀಲು ಬೇಡ, ಡಾಕ್ಟರ ಕಣ್ಣು ಬೇಕು. ಇವಕ್ಕೆಲ್ಲ ಸಭೆ ಸೇರಬೇಕು, ಟೀ ಕುಡಿಯಬೇಕು, ಗೊತ್ತು. ಅಲ್ಲಿಯವರೆಗೆ, ಬರುವ ಗುರುವಾರ ಬೆಳಿಗ್ಗೆ ನಮ್ಮ ಸರ್‌ಗೆ ಡಾಕ್ಟರ ಹತ್ತು ನಿಮಿಷ ಕೊಡಿಸಿ. ಆರೂ ಅಂಕಿ ನೋಡಿ ಅವರು "ಏನೂ ಇಲ್ಲ, ಹೋಗ್ರೀ" ಎಂದುಬಿಟ್ಟರೆ, ನಿಮ್ಮ ಆಸ್ಪತ್ರೆಯ ಬಾಗಿಲಲ್ಲಿ ನಿಂತು ತಮ್ಮ ಕ್ಷಮೆ ಕೇಳುತ್ತೇನೆ. ಅಷ್ಟು ಖುಷಿಯಿಂದ ಯಾರೂ ಯಾರ ಕ್ಷಮೆಯನ್ನೂ ಕೇಳಿರಲಾರರು.

ಇಂತಿ,
ತನ್ನ ಅನುಮಾನ ಸುಳ್ಳಾಗಲೆಂದು ದಿನ ಎಣಿಸುತ್ತಿರುವ
ಒಬ್ಬ ಅಭಿಮಾನಿ